ಹೀರಾಬಾಯಿ ತಂದ ಮೀನು

ಕಳೆದ ಭಾನುವಾರ ಮಾಟುಂಗದ ಕನ್ನಡ ಸಂಘದ ಸಭಾಂಗಣದಲ್ಲಿ ಒಬ್ಬ ಯುವ ಇಂಜಿನಿಯರ್‌ನ ಭಾಷಣ ಕೆಡಿಸಿಬಿಟ್ಟೆ. ಬೇಕೆಂದು ಮಾಡಿದ್ದಲ್ಲ, ನಂಬಿ.

ಪಾಪ, ಚೆನ್ನಾಗಿಯೇ ಮಾತಾಡುತ್ತಿದ್ದ. ವಿಷಯ ಶೇಲ್ ಗ್ಯಾಸ್. ನೆಲದಾಳದ ಬಂಡೆಯೊಳಗೆ ಗ್ಯಾಸ್ ಅಡಗಿ ಕೂತಿರುತ್ತದೆ. ಮರಳು, ಕೆಮಿಕಲ್ ಬೆರೆಸಿದ ನೀರನ್ನು ಭಾರಿ ಒತ್ತಡದಲ್ಲಿ ನುಗ್ಗಿಸಿದರೆ ಬಂಡೆ ಬಿರುಕು ಬಿಟ್ಟು ಗ್ಯಾಸ್ ಹೊರಬರುತ್ತದೆ. ಜೊತೆಗೆ ಕೊಳಕು ನೀರೂ ಬರುತ್ತದೆ. ಆ ನೀರನ್ನೇನು ಮಾಡುತ್ತೀರಿ ಎಂದು ಯಾರೋ ಕೇಳಿದರು.

“ಎಲ್ಲಾ ಮ್ಯಾನೇಜ್ ಮಾಡ್ಬಹುದು ಅಂಕಲ್. ವೀಕ್ಲಿ ಸ್ಯಾಂಪಲ್ ಲ್ಯಾಬಿಗೆ ಹೋಗುತ್ತೆ,” ಎಂದ.

ನನ್ನ ಬಾಯಿ ಸುಮ್ಮನಿರಬೇಕಲ್ಲ! “ಸ್ಯಾಂಪಲ್ ಯಾವುದರಾಗ ಒಯ್ತೀರಿ ತಮ್ಮಾ? ಗಾಜಿನ ಬಾಟ್ಲಿಯೊಳಗೋ, ಪ್ಲಾಸ್ಟಿಕ್ ಕ್ಯಾನಿನೊಳಗೋ?”

ಸಭೆಯ ತುಂಬ ನಗು. ಹುಡುಗ ತಬ್ಬಿಬ್ಬಾದ. ಹೆಂಡತಿ ನನ್ನ ಅಂಗಿ ಜಗ್ಗಿ, “ಸಾಕ್ರೀ, ಕೂಡ್ರಿ ಇನ್ನ,” ಎಂದಳು. ಕೂತೆ. ಆದರೆ ನಾನು ತಮಾಷೆಗೆ ಕೇಳಿರಲಿಲ್ಲ. ಕಾರಣ ನಿಮಗಾದರೂ ಹೇಳಿಬಿಡುತ್ತೇನೆ.

ಎಂಬತ್ತರ ದಶಕದ ಮಧ್ಯಭಾಗ. ಧಾರವಾಡದಲ್ಲಿ ಎಂಎಸ್ಸಿ ಮುಗಿಸಿ ಬಂದ ನಾನು ಒಂದು ಗ್ಯಾಸ್ ಕಂಪನಿಯ (ಹೆಸರು ಬೇಡ ಬಿಡಿ) ಲ್ಯಾಬಿನಲ್ಲಿ ಕೆಮಿಸ್ಟ್. ಆಂಟಾಪ್ ಹಿಲ್‌ನಲ್ಲಿ ಒಂದೇ ಕೋಣೆಯ ಸಂಸಾರ. ಆಹಾ, ಎಂಥ ದಿನಗಳವು! ನಮ್ಮ ಮನೆಯಲ್ಲಿ ಒಗ್ಗರಣೆ ಬಿದ್ದರೆ ಮೂರನೇ ಮನೆಯವರು ಸೀನುತ್ತಿದ್ದರು. ಶನಿವಾರ ಮಧ್ಯಾಹ್ನ ಮಾಟುಂಗದ ಉಡುಪಿ ಹೋಟೆಲಿನಲ್ಲಿ ಕೂತರೆ ಸಪ್ಲೈಯರ್ ಕೇಳದೆಯೇ ಎರಡನೇ ಸಲ ಸಾಂಬಾರ್ ಸುರಿಯುತ್ತಿದ್ದ. ಈಗ ಕೇಳಿದರೂ ಮುಖ ನೋಡುತ್ತಾರೆ.

ನಮ್ಮ ಲ್ಯಾಬು, ಆಫೀಸು ಊರೊಳಗೆ. ಪ್ಲಾಂಟ್ ಮಾತ್ರ ದೂರದ ಉಪನಗರದಲ್ಲಿ, ಖಾಡಿಯ ದಂಡೆಗೆ. (ಊರೊಳಗೆ ಚಾಚಿಕೊಂಡ ಕಡಲಿಗೆ ಮುಂಬಯಿಯಲ್ಲಿ ಖಾಡಿ ಎನ್ನುತ್ತಾರೆ.) ಸಮುದ್ರದ ಬಾವಿಗಳಿಂದ ಗ್ಯಾಸಿನ ಜೊತೆ ಎಣ್ಣೆ ಬೆರೆತ ನೀರೂ ಬರುತ್ತಿತ್ತು. ಎಣ್ಣೆ ತೆಗೆದ ಮೇಲೆ ನೀರನ್ನು ಖಾಡಿಗೆ ಬಿಡಬೇಕು. ಪ್ರತಿ ಮಂಗಳವಾರ ಅದರ ಸ್ಯಾಂಪಲ್ ತಂದು ಪರೀಕ್ಷಿಸುವುದು ನನ್ನ ಕೆಲಸ. ಕಂಪನಿಗೆ ಜೀಪಿತ್ತು. ಆದರೆ ಅದು ಸಾಹೇಬರ ಮನೆಗೆಲಸದಲ್ಲೇ ಸುಸ್ತಾಗಿರುತ್ತಿತ್ತು. ಹೀಗಾಗಿ ಸ್ಯಾಂಪಲ್ ನನ್ನ ತೊಡೆಯ ಮೇಲೆ ಕೂತು ಲೋಕಲ್‌ನಲ್ಲಿ ಬರುತ್ತಿತ್ತು.

ನಿಯಮದ ಪ್ರಕಾರ ಗಾಜಿನ ಬಾಟಲಿಯೇ ಆಗಬೇಕು. ದಾದರ್‌ನಲ್ಲಿ ಗಾಡಿ ಬದಲಿಸುವಾಗ ಗಾಜು ಉಳಿದೀತೇ? ಒಮ್ಮೆ ಒಡೆದು ಪಕ್ಕದವರ ಬಿಳಿ ಪ್ಯಾಂಟಿನ ಮೇಲೆಲ್ಲ ಎಣ್ಣೆನೀರು. ಅವರು ಮರಾಠಿಯಲ್ಲಿ ನನ್ನ ವಂಶವನ್ನೇ ವಿಚಾರಿಸಿಕೊಂಡರು. ಮರುವಾರದಿಂದ ಪ್ಲಾಸ್ಟಿಕ್ ಕ್ಯಾನ್. ಹಗುರ, ಗಟ್ಟಿ, ಕೇಳುವವರಿಲ್ಲ. ರಿಪೋರ್ಟೂ ವಾರವಾರ ಚೆನ್ನಾಗಿಯೇ ಬರತೊಡಗಿತು. ಎಣ್ಣೆ ಮಿತಿಯೊಳಗಿದೆ!

ಒಂದು ದಿನ ಆಫೀಸಿಗೇ ಹೀರಾಬಾಯಿ ಬಂದಳು. ಖಾಡಿಯ ದಂಡೆಯ ಕೋಳಿ ಸಮಾಜದ ಹೆಂಗಸು (ಮುಂಬಯಿಯ ಬೆಸ್ತರಿಗೆ ಕೋಳಿ ಎನ್ನುತ್ತಾರೆ), ಮೀನು ಹಿಡಿಯುವ ಮನೆತನ. ಒಂಬತ್ತು ಗಜದ ಸೀರೆ, ತಲೆಯ ಮೇಲೆ ಬುಟ್ಟಿ. ವಾಚ್‌ಮನ್ ತಡೆದರೂ ಕೇಳದೆ ನುಗ್ಗಿ, ಬುಟ್ಟಿಯನ್ನು ಸಾಹೇಬರ ಮೇಜಿನ ಮೇಲೇ ಇಳಿಸಿದಳು.

“ಮೂಸಿ ನೋಡಿ! ಗಿರಾಕಿಗಳು ಮನೆಗೊಯ್ದು ವಾಪಸ್ ತಂದು ನನ್ನ ಮುಂದೆ ಬಿಸಾಕ್ತಾರೆ. ನಿಮ್ಮ ನೀರು ನನ್ನ ಧಂದಾ ತಿಂದುಹಾಕ್ತು. ನನ್ನ ಮಕ್ಕಳು ಏನು ತಿನ್ಬೇಕು?” (ಅವಳ ಬಂಬೈಯಾ ಹಿಂದಿಯನ್ನು ಕನ್ನಡಕ್ಕೆ ತಂದಿದ್ದೇನೆ, ಬೈಗುಳ ಬಿಟ್ಟು.)

ಈಗ ನಮ್ಮ ಆಫೀಸು ನೋಡಿ. ಸಾಹೇಬರಾದ ಮೂರ್ತಿಗಳು ಮೈಸೂರಿನವರು. ಅಕೌಂಟ್ಸಿನ ಜೋಶಿ ವಿಜಯಪುರದವರು. ಮೂರನೆಯವನು ನಾನು. ಮೂವರೂ ಹುಟ್ಟಿದಾಗಿನಿಂದ ಮೀನು ಮುಟ್ಟಿದವರಲ್ಲ. ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು ಗೋಡೆಗೆ ಒರಗಿ ನಿಂತು ಮೀನಿನ ವಿಚಾರಣೆ ನಡೆಸಿದೆವು!

“ಮೀನು ಅಂದ್ಮೇಲೆ ನಾರದೆ ಮಲ್ಲಿಗೆ ಥರ ಘಮಘಮ ಅನ್ನುತ್ತೇನ್ರೀ?” ಎಂದರು ಮೂರ್ತಿಗಳು.

ಹೌದಲ್ಲವೇ ಎನ್ನಿಸಿತು ನನಗೂ. ‘ನೀರು ಶುದ್ಧವಾಗಿದೆ, ಮೀನಿಗೆ ದೋಷವಿಲ್ಲ’ ಎಂದು ಬರೆದ ಕಾಗದಕ್ಕೆ ಸಹಿ ಹಾಕಿ ಅವಳ ಕೈಗಿತ್ತೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಒಂದು ಮೀನನ್ನು ಮೇಜಿನ ಮೇಲೆ ಬಿಟ್ಟು ಹೋದಳು.

ಊಟ ಮುಗಿಸಿ ಬಂದ ನಮ್ಮ ಟೈಪಿಸ್ಟ್ ವಾರಿಜಾ ಬಾಗಿಲಲ್ಲೇ ನಿಂತಳು. ಮಲ್ಪೆಯ ಹುಡುಗಿ.

“ಎಂಥದು ಸರ್ ಇದು, ಚಿಮಿಣಿ ಎಣ್ಣೆ ವಾಸನೆ?”

“ಮೀನಿನ ವಾಸನಿ ಅದು,” ಎಂದೆ.

ಅವಳು ಮೀನಿನ ಕಿವಿರು ಎತ್ತಿ ಮೂಸಿದಳು. “ಮೀನಿನ ವಾಸನೆ ಹೀಗಿರುದಿಲ್ಲ ಮಾರಾಯ್ರೆ! ಇದನ್ನು ಬೆಕ್ಕೂ ಮುಟ್ಲಿಕ್ಕಿಲ್ಲ.”

ನನಗೆ ತಟ್ಟನೆ ಆ ಪ್ಲಾಸ್ಟಿಕ್ ಕ್ಯಾನ್ ನೆನಪಾಯಿತು. ಹಿಂದಿನ ವಾರದ ಕ್ಯಾನ್ ತೆಗೆದು, ನೀರು ಚೆಲ್ಲಿ, ಕತ್ತರಿಸಿ ಒಳಗೋಡೆಗೆ ಬೆರಳಾಡಿಸಿದೆ. ಜಿಡ್ಡೋ ಜಿಡ್ಡು. ಎಣ್ಣೆಯೆಲ್ಲ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿತ್ತು. ವಾರವಾರ ನಾನು ಅಳೆದಿದ್ದು ಉಳಿದ ನೀರನ್ನು. ಗಾಜೇ ಏಕೆ ಬೇಕೆಂದು ಪುಸ್ತಕದಲ್ಲಿ ಓದಿರಲಿಲ್ಲವೇ ನಾನು? ಓದಿದ್ದೆ.

ಮರುದಿನ ಹೆಂಡತಿಯ ಹಳೇ ಸೀರೆಯಲ್ಲಿ ಸುತ್ತಿದ ಗಾಜಿನ ಬಾಟಲಿಯಲ್ಲಿ ಹೊಸ ಸ್ಯಾಂಪಲ್ ತಂದೆ. ಎಣ್ಣೆ ಮಿತಿ ಮೀರಿತ್ತು. ಮೂರ್ತಿಗಳ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಕೆಂಪಗಾದರು. “ಮೊದ್ಲು ಆ ನೀರು ನಿಲ್ಲಿಸ್ತೀನಿ. ಆಮೇಲೆ ನಿಮ್ಮನ್ನ ವಿಚಾರಿಸ್ಕೋತೀನಿ,” ಎಂದು ಫೋನೆತ್ತಿದರು. ದೊಡ್ಡ ಮನುಷ್ಯ. ಎರಡೂ ಮಾಡಿದರು.

ಎಣ್ಣೆ ತೆಗೆಯುವ ಯಂತ್ರ ರಿಪೇರಿಯಾಯಿತು. ಒಂದು ಮಳೆಗಾಲ ಕಳೆಯಿತು. ಖಾಡಿಯ ಮೀನು ತರಿಸಿ ವಾರಿಜಾಳ ಮೂಗಿನ ಮುಂದೆ ಹಿಡಿದೆವು. “ಈಗ ಸರಿ ಉಂಟು ಸರ್. ಗಸಿ ಮಾಡಿ ಬಡಿಸ್ಲಾ?” ಎಂದಳು. ಮೂರ್ತಿಗಳು ಕುರ್ಚಿ ಬಿಟ್ಟು ಎದ್ದೇಬಿಟ್ಟರು. ಎಷ್ಟು ನಕ್ಕಿದ್ದೆವು ಅಂದು!

ಹೊಸ ರಿಪೋರ್ಟು ಹಿಡಿದು ನಾನೇ ಹೀರಾಬಾಯಿಯ ಮಾರ್ಕೆಟ್ಟಿಗೆ ಹೋದೆ. ಬೇರೆ ಕಡೆಯ ಮೀನು ಮಾರುವವರ ಮುಂದೆ ಜನವೋ ಜನ. ಅವಳ ಮುಂದೆ ತುಂಬಿದ ಬುಟ್ಟಿ ಹಾಗೇ ಇತ್ತು. ಖಾಡಿಯ ಮೀನಿನ ಕೆಟ್ಟ ಹೆಸರು ಹೋಗಿರಲಿಲ್ಲ. ಹರಕು ಮರಾಠಿಯಲ್ಲಿ ರಿಪೋರ್ಟನ್ನು ಗಟ್ಟಿಯಾಗಿ ಓದಿದೆ. ಒಬ್ಬರೂ ನಿಲ್ಲಲಿಲ್ಲ.

“ಕಾಗದ ಯಾರು ಕೇಳ್ತಾರೆ ಸಾಹೇಬ್?” ಎನ್ನುತ್ತ ತನ್ನ ಊಟದ ಡಬ್ಬಿ ತೆರೆದು ಕರಿದ ಮೀನಿನ ತುಂಡೊಂದನ್ನು ಮುಂದೆ ಚಾಚಿದಳು. “ಇದು ಈ ಬುಟ್ಟಿಯದೇ. ಎಲ್ಲರ ಎದುರಿಗೆ ನೀನೊಂದು ತುಂಡು ತಿನ್ನು. ಆಗ ನಂಬ್ತಾರೆ.”

ಅಕ್ಕಪಕ್ಕದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಎರಡು ಹೆಜ್ಜೆ ಹಿಂದೆ ಸರಿದೆ.

“ನಾವು ಮೀನು ತಿನ್ನೋದಿಲ್ಲ, ಬಾಯಿ.”

ಅವಳು ಬೈಯಲಿಲ್ಲ. ಡಬ್ಬಿ ಮುಚ್ಚಿ ನನ್ನ ಮುಖ ನೋಡಿದಳು.

“ತಿನ್ನೋದೇ ಇಲ್ಲ ಅಂದ್ಮೇಲೆ, ಅವತ್ತು ನನ್ನ ಮೀನಿಗೆ ದೋಷ ಇಲ್ಲ ಅಂತ ಯಾವ ಧೈರ್ಯದ ಮೇಲೆ ಸಹಿ ಹಾಕ್ದೆ, ಸಾಹೇಬ್?”