ಆಮೆ ಕೊಂಡ ಡೈವಿಂಗ್ ವಾಚು

ನನ್ನ ತಂಗಿಯ ಗಂಡನನ್ನು ಬಂದರಿನಲ್ಲಿ ಎಲ್ಲರೂ ಆಮೆ ಅಂತಲೇ ಕರೆಯುತ್ತಿದ್ದರು. ನೆಲದ ಮೇಲೆ ಅವನ ನಡಿಗೆ ನೋಡಿದರೆ ಯಾರ ಬಾಯಿಗೂ ಅದೇ ಹೆಸರು ಬರಬೇಕು. ಮನೆಯಿಂದ ಧಕ್ಕೆಗೆ ಹತ್ತು ನಿಮಿಷದ ದಾರಿ, ಈ ಮಹಾನುಭಾವನಿಗೆ ಇಪ್ಪತ್ತೈದು. ನೀರಿಗಿಳಿದರೆ ಮಾತ್ರ ಬೇರೆಯೇ ಮನುಷ್ಯ. ಸರಕು ಸಾಗಿಸುವ ಬಾರ್ಜುಗಳ ತಳಕ್ಕೆ ಕಚ್ಚಿಕೊಳ್ಳುವ ಚಿಪ್ಪು, ಪಾಚಿ ಕೆರೆದು ತೆಗೆಯುವುದು ಅವನ ಕೆಲಸ. ಬೆನ್ನಿಗೊಂದು ಗಾಳಿ ಸಿಲಿಂಡರು, ಕೈಯಲ್ಲೊಂದು ಅಗಲವಾದ ಉಳಿ, ಸೊಂಟಕ್ಕೊಂದು ಹಗ್ಗ. ಹಗ್ಗದ ಇನ್ನೊಂದು ತುದಿ ತೆಪ್ಪದ ಮೇಲೆ ಕೂತ ನನ್ನ ಕೈಯಲ್ಲಿ. ಹನ್ನೆರಡು ವರ್ಷ ಹೀಗೇ ನಡೆಯಿತು. ಅವನು ಆಮೆ, ನಾನು ಹಗ್ಗದಣ್ಣ.

ಕೂತು ತಿನ್ನುವ ಕೆಲಸ ಅಂತ ನನ್ನನ್ನು ಆಡಿಕೊಳ್ಳದವರಿಲ್ಲ. ಆಡಿಕೊಳ್ಳಲಿ ಬಿಡಿ. ಬಾರ್ಜಿನ ತಳ ಅಂದರೆ ಅಂಗಳದಷ್ಟು ಅಗಲದ ಕಬ್ಬಿಣ. ಅದರಡಿ ಕತ್ತಲು. ಉಸಿರು ಸಾಲದು ಅನ್ನಿಸಿದಾಗ ನೆಟ್ಟಗೆ ಮೇಲೆ ಬರೋಣ ಅಂದರೆ ತಲೆಗೆ ಕಬ್ಬಿಣ ಬಡಿಯುತ್ತದೆ. ಪಕ್ಕಕ್ಕೆ ತೆವಳಿ ಅಂಚು ಹುಡುಕಿ ಹೊರಬರಲು ಐದಾರು ನಿಮಿಷವಾದರೂ ಬೇಕು. ಸಿಲಿಂಡರಿನಲ್ಲಿ ಇರುವುದು ನಲವತ್ತು ನಿಮಿಷದ ಗಾಳಿ. ಎಷ್ಟು ಉಳಿದಿದೆ ಅಂತ ತೋರಿಸುವ ಮೀಟರು ಕೆಟ್ಟು ಎರಡು ವರ್ಷವಾಗಿತ್ತು. ಕೇಳಿದಾಗಲೆಲ್ಲ ಕಂಟ್ರಾಕ್ಟರು "ಮುಂದಿನ ತಿಂಗಳು" ಅನ್ನುತ್ತಿದ್ದ. ಹಾಗಾಗಿ ನಮ್ಮದೇ ಒಂದು ಕಟ್ಟಲೆ. ಅವನು ಮುಳುಗಿ ಮೂವತ್ತು ನಿಮಿಷ ಆದ ತಕ್ಷಣ ನಾನು ಹಗ್ಗವನ್ನು ಎರಡು ಸಲ ಜಗ್ಗಬೇಕು. ಕೇಳಿಸಿತು ಅಂತ ಅವನೂ ಎರಡು ಸಲ ಜಗ್ಗಿ ಹೊರಡಬೇಕು. ಹೊತ್ತು ನೋಡಲು ತೆಪ್ಪದ ಮೇಲೆ ಒಂದು ಟೈಂಪೀಸು ಇತ್ತು.

ಒಂದು ದಿನ ನಾನು ತಡ ಮಾಡಿದೆ. ಮೇಲೆ ಬಾರ್ಜಿಗೆ ಬಣ್ಣ ಬಳಿಯುತ್ತಿದ್ದ ಪೇಂಟರನ ಜೊತೆ ಟೀ ಕುಡಿಯುತ್ತ ಹರಟೆ ಹೊಡೆಯುವಾಗ ಮೂವತ್ತೈದು ದಾಟಿತ್ತು. ಗಾಬರಿಯಿಂದ ಜಗ್ಗಿದೆ. ಬಂದ. ತುಟಿ ನೀಲಿ, ಕಣ್ಣು ಕೆಂಪು. ತೆಪ್ಪದ ಅಂಚು ಹಿಡಿದು ಎಷ್ಟೋ ಹೊತ್ತು ಏದುಸಿರು ಬಿಟ್ಟ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ನಾನೂ ನಾಲ್ಕು ಬೈದು ಹಗುರಾಗುತ್ತಿದ್ದೆ. ಅವನು ಸುಮ್ಮನೆ ಮೈ ಒರೆಸಿಕೊಂಡು ಮನೆಗೆ ಹೋದ.

ಮರುವಾರ ಬಂದು, "ಭಾವ, ಒಂದು ವಾಚ್ ತಗೋಬೇಕು ಅಂತಿದೀನಿ. ನೀರಲ್ಲಿ ನಡೆಯೋ ಅಂಥದ್ದು" ಅಂದ.

"ಯಾಕಯ್ಯಾ, ನಾನಿಲ್ವಾ?"

"ಅಯ್ಯೋ, ಹಾಗಲ್ಲ ಭಾವ. ಅಡೀಲಿ ಹೊತ್ತೇ ಗೊತ್ತಾಗಲ್ಲ. ಹನ್ನೆರಡು ವರ್ಷದಿಂದ ನೀವು ಜಗ್ಗಿದಾಗಲೇ ನನಗೆ ಹೊತ್ತು. ಒಂದ್ಸಲ ನಾನೇ ನೋಡ್ಕೋಬೇಕು ಅಂತ ಆಸೆ."

ಆಸೆಯಂತೆ. ನನಗೆ ಚೆನ್ನಾಗಿ ಅರ್ಥವಾಯಿತು. ಮುಖಕ್ಕೆ ಹೊಡೆದ ಹಾಗೆ ಹೇಳುವ ಬದಲು ಸಕ್ಕರೆ ಸವರಿ ಹೇಳಿದ್ದ. ನನಗೋ ಮೂಗಿನ ತುದಿಯಲ್ಲೇ ಕೋಪ. ಆದರೂ ಹಲ್ಲುಕಚ್ಚಿಕೊಂಡು ಅಂಗಡಿಗೆ ಜೊತೆಯಲ್ಲೇ ಹೋದೆ. ಅವನಿಗೆ ಚೌಕಾಸಿ ಮಾಡಲು ಬರುವುದಿಲ್ಲ ಅಂತ ತಂಗಿ ನನ್ನನ್ನೇ ಕಳಿಸಿದ್ದಳು.

ಅಂಗಡಿ ಅಂದರೆ ಮೆಟ್ಟಿಲ ಕೆಳಗಿನ ಗೂಡು. ಇಬ್ಬರು ನಿಂತರೆ ಮೂರನೆಯವನಿಗೆ ಜಾಗವಿಲ್ಲ. ಅಂಗಡಿಯವನು ಕಣ್ಣಿನ ಭೂತಗಾಜು ತೆಗೆದು ಐದಾರು ವಾಚು ಮುಂದಿಟ್ಟ. ಆಮೆಯ ಕೈ ನೆಟ್ಟಗೆ ಒಂದರ ಮೇಲೆ ಹೋಯಿತು. ಕಪ್ಪು ಮುಖ, ಉಬ್ಬಿದ ಗಾಜು, ಹಳದಿಗಟ್ಟಿದ ದಪ್ಪ ಚುಕ್ಕೆಗಳು, ಗಾಜಿನ ಸುತ್ತ ನಿಮಿಷದ ಗುರುತುಗಳಿರುವ, ಕೈಯಲ್ಲಿ ತಿರುಗಿಸುವ ಬಳೆ.

"ಇದು ಯಾರೋ ಕಟ್ಟಿ ಬಿಟ್ಟಿದ್ದಲ್ವಾ? ಬಣ್ಣವೆಲ್ಲ ಮಾಸಿದೆ" ಅಂದೆ.

"ಹೊಚ್ಚ ಹೊಸದು ಸಾರ್. ಐವತ್ತು ವರ್ಷ ಹಿಂದಿನ ಮಾದರೀಲಿ ಈಗ ಮಾಡಿರೋದು. ಈಗ ಇದೇ ಫ್ಯಾಷನ್ನು."

"ನಮ್ಮ ಮಾವನ ಥರ. ಹುಟ್ಟುವಾಗಲೇ ಮುದುಕ."

ಆಮೆ ಬಿದ್ದು ಬಿದ್ದು ನಕ್ಕ. ಅಂಗಡಿಯವನು ಹೇಳುತ್ತ ಹೋದ. ಆಟೋಮ್ಯಾಟಿಕ್ಕು, ಸೆಲ್ಲು ಬೇಡ, ಕೀಲಿ ಬೇಡ, ಕೈ ಆಡಿದರೆ ಸಾಕು ನಡೆಯುತ್ತದೆ. ಇನ್ನೂರು ಮೀಟರು ಆಳದವರೆಗೂ ನೀರು ಹೋಗುವುದಿಲ್ಲ. ದೊಡ್ಡ ಕಂಪನಿಯ ಇಂಥದ್ದೇ ವಾಚಿಗೆ ಮನೆ ಮಾರಬೇಕು, ಇದಕ್ಕೆ ಒಂದು ತಿಂಗಳ ಸಂಬಳ ಸಾಕು. "ಮುಳುಗುವಾಗ ಬಳೆಯ ಈ ಗುರುತನ್ನ ನಿಮಿಷದ ಮುಳ್ಳಿಗೆ ಸರಿಯಾಗಿ ಇಡಿ. ಆಮೇಲೆ ಎಷ್ಟು ನಿಮಿಷ ಆಯ್ತು ಅಂತ ಬಳೆಯೇ ಹೇಳುತ್ತೆ."

ನಮ್ಮ ಬಾರ್ಜಿನಡಿ ನಾಲ್ಕು ಮೀಟರು ನೀರಿಲ್ಲ, ಇವನಿಗೆ ಇನ್ನೂರು ಮೀಟರಿನ ವಾಚು! ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಆಮೆ ಅದನ್ನು ಕಟ್ಟಿಕೊಂಡು ಹೊರಗೆ ಬಿಸಿಲಿಗೆ ಹೋಗಿ ಕೈ ಹೀಗೆ ಹಿಡಿದ, ಹಾಗೆ ಹಿಡಿದ. ಆಗ ಅಂಗಡಿಯವನು ನನ್ನ ಕಡೆ ಬಗ್ಗಿ ಕೇಳಿದ, "ಷೋಕಿಗೆ ತಾನೆ ಸಾರ್? ನಿಜವಾಗ್ಲೂ ಮುಳುಗೋರಾದ್ರೆ ಒಂದೇ ಕಡೆ ತಿರುಗೋ ಬಳೇದು ಕೊಡ್ತೀನಿ. ಇದು ಹಳೇ ಮಾದರಿ ನೋಡಿ, ಎರಡೂ ಕಡೆ ತಿರುಗುತ್ತೆ. ಎಲ್ಲಾದ್ರೂ ತಗುಲಿ ಜರುಗಿದ್ರೆ ಆಗಿರೋ ಹೊತ್ತನ್ನ ಕಮ್ಮಿ ತೋರಿಸಿಬಿಡುತ್ತೆ."

"ಷೋಕಿಗೇ" ಅಂದೆ.

ಯಾಕೆ ಹಾಗಂದೆ? ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಲ್ಲ. ದೊಡ್ಡ ಮನುಷ್ಯ, ತಾನೇ ಹೊತ್ತು ನೋಡಿಕೊಳ್ಳುತ್ತಾನಲ್ಲ, ತಾನೇ ತಿಳಿದುಕೊಳ್ಳಲಿ ಅಂದುಕೊಂಡೆ. ಆಮೇಲೆ ಹೇಳಿದರಾಯಿತು ಅಂತಲೂ ಒಂದು ಮನಸ್ಸಿತ್ತು. ಹೇಳಲಿಲ್ಲ.

ಮನೆಯಲ್ಲಿ ತಂಗಿ, "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು!" ಅಂತ ರೇಗಿದಳು. ರೇಗುತ್ತಲೇ ವಾಚಿನ ಗಾಜನ್ನು ಬಟ್ಟೆಯಲ್ಲಿ ಒರೆಸಿ ಅವನ ಕೈಗೆ ಕಟ್ಟಿದಳು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವನು ತನಗೆ ಅಂತ ಕೊಂಡದ್ದು ಅದೊಂದೇ ಅಂತ ನನಗೇ ಹೇಳಿದಳು.

ಮಾರನೇ ದಿನ ತೆಪ್ಪದ ಮೇಲೆ, ಎಲ್ಲರೆದುರು ಅವನು ಅಂದ, "ಭಾವ, ಇನ್ಮೇಲೆ ನೀವು ಜಗ್ಗೋದೇನೂ ಬೇಡ. ಹೊತ್ತಿಗೆ ಸರಿಯಾಗಿ ನಾನೇ ಬರ್ತೀನಿ. ನೀವು ಆರಾಮಾಗಿ ಸಿಗರೇಟು ಸೇದಿ."

ಒಳ್ಳೆ ಮನಸ್ಸಿನಿಂದಲೇ ಅಂದದ್ದು. ಅವನಿಗೆ ಕುಹಕ ಬರುತ್ತಿರಲಿಲ್ಲ. ಆದರೆ ಮೇಲಿದ್ದ ಪೇಂಟರ್ ಬ್ರಷ್ ಎತ್ತಿ ಕೂಗಿದ, "ಹಗ್ಗದಣ್ಣಂಗೆ ಪಿಂಚಣಿ ಆಯ್ತು ಕಣ್ರೋ!" ಧಕ್ಕೆಯಲ್ಲಿದ್ದವರೆಲ್ಲ ನಕ್ಕರು. ಆಮೆಯೂ ನಕ್ಕ. ನನ್ನ ಮೈಯೆಲ್ಲ ಉರಿದುಹೋಯಿತು. "ಸರಿ ಕಣಯ್ಯ, ನಿನ್ನ ವಾಚೇ ನಿನ್ನನ್ನ ಕರೀಲಿ" ಅಂದೆ.

ಒಂಬತ್ತು ದಿನ ಅವನು, ಇಪ್ಪತ್ತೈದಕ್ಕೇ ಹೊರಡುತ್ತಿದ್ದನೇನೋ, ಮೂವತ್ತು ನಿಮಿಷಕ್ಕೆ ಸರಿಯಾಗಿ ಅಂಚಿನಲ್ಲಿ ತಲೆ ಎತ್ತಿದ. ಪ್ರತಿ ಸಲವೂ ಮೊದಲು ವಾಚಿನ ಕೈ ನೀರಿನಿಂದ ಮೇಲೆ ಬರುತ್ತಿತ್ತು, ಆಮೇಲೆ ಹಲ್ಲು. ಪೇಂಟರ್ ಚಪ್ಪಾಳೆ ತಟ್ಟುತ್ತಿದ್ದ. ನಾನು ಹಗ್ಗ ಸುತ್ತಿಡುತ್ತಿದ್ದೆ.

ಹತ್ತನೇ ದಿನ ದೊಡ್ಡ ಬಾರ್ಜು. ತಳದ ತುಂಬ ಕೈಯುದ್ದದ ಚಿಪ್ಪಿನ ಗೊಂಚಲು. ಮೂವತ್ತು ನಿಮಿಷ ಆಯಿತು. ಬರಲಿಲ್ಲ. ಹಗ್ಗ ನನ್ನ ಕೈಯಲ್ಲೇ ಇತ್ತು. ಟೈಂಪೀಸು ನನ್ನ ಕಣ್ಣೆದುರೇ ಇತ್ತು. ಅಂಗಡಿಯವನು ಹೇಳಿದ್ದು ಆ ಕ್ಷಣವೇ ತಲೆಗೆ ಬಂತು. ಎಲ್ಲೋ ತಗುಲಿ ಬಳೆ ಜರುಗಿದೆ ಅಂತ ನನಗೆ ಗೊತ್ತಾಯಿತು. ಮರೆತಿದ್ದೆ ಅಂತ ನಾನು ಸುಳ್ಳು ಹೇಳುವುದಿಲ್ಲ.

ಮೂವತ್ತೆರಡು. ಎರಡು ನಿಮಿಷ ಹೋಗಲಿ, ವಾಚಿನ ಮರ್ಯಾದೆ ಹೋಗಲಿ ಅಂದುಕೊಂಡೆ. ಮೂವತ್ತನಾಲ್ಕು. ಅವತ್ತಿನ ಹಾಗೆ ತುಟಿ ನೀಲಿ ಮಾಡಿಕೊಂಡು ಬರಲಿ, ಪೇಂಟರನ ಎದುರು ಏದುಸಿರು ಬಿಡಲಿ, ನಾಳೆಯಿಂದ ನೀವೇ ಜಗ್ಗಿ ಭಾವ ಅನ್ನಲಿ. ಸಾಯಲಿ ಅಂತ ನಾನು ಅಂದುಕೊಳ್ಳಲಿಲ್ಲ. ನಗೆಪಾಟಲಾಗಲಿ ಅಂದುಕೊಂಡೆ.

"ಆಮೆ ಇನ್ನೂ ಬಂದಿಲ್ವಾ?" ಪೇಂಟರ್ ಮೇಲಿಂದ ಕೇಳಿದ.

"ವಾಚ್ ಕಟ್ಕೊಂಡಿದಾನಲ್ಲ, ಬರ್ತಾನೆ ಬಿಡು" ಅಂದೆ.

ಮೂವತ್ತೆಂಟಕ್ಕೆ ನನ್ನ ಕೈ ತಾನಾಗಿ ಎರಡು ಸಲ ಜಗ್ಗಿತು. ಆ ಕಡೆಯಿಂದ ಎರಡು ಸಲ ಉತ್ತರ ಬಂತು. ನಿಧಾನಕ್ಕೆ, ಅವಸರವೇ ಇಲ್ಲದ ಹಾಗೆ. ಉಸ್ಸಪ್ಪಾ ಅಂದೆ. ಬರಲು ಐದಾರು ನಿಮಿಷ ಬೇಕು, ಗಾಳಿ ಇರುವುದು ಎರಡೇ ನಿಮಿಷಕ್ಕೆ ಅನ್ನುವುದು ಆಗ ನೆನಪಾಯಿತು. ಎದ್ದು ನಿಂತು ಹಗ್ಗ ಎಳೆದೆ. ಸ್ವಲ್ಪ ಬಂದು, ತಳದಲ್ಲಿ ಎಲ್ಲೋ ಸಿಕ್ಕಿಕೊಂಡಿತು. ಕಿರುಚಿದೆ. ಪೇಂಟರ್ ಹಾರಿ ಬಂದ, ಧಕ್ಕೆಯವರು ಬಂದರು, ಐದು ಜನ ಸೇರಿ ಎಳೆದೆವು. ಟೈಂಪೀಸಿನಲ್ಲಿ ನಲವತ್ತಾರು ನಿಮಿಷ ಆದಾಗ ಅವನು ಬೆನ್ನು ಮೇಲಾಗಿ ತೇಲಿ ಬಂದ. ಎರಡೂ ಕೈಯ ಬೆರಳು ಕಬ್ಬಿಣ ಪರಚಿ ಕಿತ್ತುಹೋಗಿದ್ದವು. ವಾಚು ನಡೆಯುತ್ತಲೇ ಇತ್ತು. ಬಳೆಯ ಲೆಕ್ಕದಲ್ಲಿ ಅವನು ಮುಳುಗಿ ಬರೀ ಮೂವತ್ತೊಂದು ನಿಮಿಷ.

ತೆಪ್ಪದ ಮೇಲೆ ಮಲಗಿಸಿ ಎದೆ ಒತ್ತಿದೆವು. ನಾನು ಬಾಯಿಗೆ ಬಾಯಿಟ್ಟು ಊದಿದೆ. ಡಾಕ್ಟರು ಬಂದು ಸಾಕು ಬಿಡಿ ಅನ್ನುವವರೆಗೂ ಊದಿದೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ ಅಂತಾರೆ. ನಾನು ಕೊಯ್ದದ್ದು ನನ್ನ ಮೂಗನ್ನಲ್ಲ.

ನಾಲ್ಕನೇ ದಿನ ಕಂಟ್ರಾಕ್ಟರನ ಆಫೀಸಿನಲ್ಲಿ ವಿಚಾರಣೆ. ಮಹಡಿಯ ಮೇಲಿನ ಕೋಣೆ, ಒಂದು ಮೇಜು, ತಲೆ ಮೇಲೆ ಗಿರಗಿರ ತಿರುಗುವ ಫ್ಯಾನು. ಮೇಜಿನ ಆ ಕಡೆ ಕಂಟ್ರಾಕ್ಟರು ಮತ್ತು ತನಿಖೆಗೆ ಬಂದ ಅಧಿಕಾರಿ. ಈ ಕಡೆ ನಾನು ಮತ್ತು ತಂಗಿ. ಪೇಂಟರನನ್ನು ಯಾರೂ ಕರೆಸಿರಲಿಲ್ಲ. ಅವಳು ಮೂರು ದಿನದಿಂದ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ.

ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ. "ನೀವು ಹಗ್ಗ ಜಗ್ಗಿದ್ದು ಎಷ್ಟು ನಿಮಿಷಕ್ಕೆ?"

"ಮೂವತ್ತಕ್ಕೆ ಸಾರ್" ಅಂದೆ. ನಾಲಿಗೆ ತಡವರಿಸಲೇ ಇಲ್ಲ. "ಎರಡು ಸಲ ಜಗ್ಗಿದೆ. ಅವನು ಬರಲಿಲ್ಲ."

ಕಂಟ್ರಾಕ್ಟರು ನನ್ನನ್ನೇ ನೋಡಿದ. ಅವನು ದಡ್ಡನಲ್ಲ. ಕೆಟ್ಟ ಮೀಟರಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಂಟ್ರಾಕ್ಟರು ನನ್ನ ಕಡೆ ನೀರಿನ ಲೋಟ ತಳ್ಳಿ, ಅಧಿಕಾರಿಗೆ "ಹಾಗಿದ್ರೆ ಕರೆದಾಗ ಬರದೇ ಇದ್ದದ್ದು ಆತನದೇ ತಪ್ಪು. ನಿಯಮದ ಪ್ರಕಾರ ಪರಿಹಾರ ಬರಲ್ಲ ಸಾರ್, ಅಲ್ವಾ?" ಅಂದ.

ಅಧಿಕಾರಿ ತಲೆಯಾಡಿಸಿದ. ಪರಿಹಾರದ ಮಾತು ನನ್ನ ತಲೆಗೆ ಅಲ್ಲಿಯವರೆಗೆ ಬಂದೇ ಇರಲಿಲ್ಲ. ತಂಗಿಗೆ ಎರಡು ಮಕ್ಕಳು, ಬಾಡಿಗೆ ಮನೆ. ಈಗಲೇ ಬಾಯಿ ಬಿಟ್ಟರೆ ಅವಳಿಗೆ ಸಿಗಬೇಕಾದ್ದು ಸಿಗುತ್ತದೆ, ನಾನು ಜೈಲಿಗೆ ಹೋಗುತ್ತೇನೆ. ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಮಾತಾಡಿದಳು.

"ಅಣ್ಣನ ಮೇಲೆ ಏನೂ ಬರೀಬೇಡಿ ಸಾರ್. ಆ ವಾಚು ಬಂದಮೇಲೆ ಇವರು ಯಾರ ಮಾತೂ ಕೇಳ್ತಿರಲಿಲ್ಲ. ಹನ್ನೆರಡು ವರ್ಷ ನಮ್ಮಣ್ಣನೇ ಕಾಪಾಡಿದ್ದು. ಇವರೇ ಯಾವಾಗ್ಲೂ ಹೇಳೋರು, ಮೇಲೆ ಭಾವ ಇದ್ರೆ ನನಗೆ ಭಯ ಇಲ್ಲ ಅಂತ."

ತೆರೆದ ಬಾಯಿ ಮುಚ್ಚಿಕೊಂಡೆ.

ಅಧಿಕಾರಿ ಎರಡು ಹಾಳೆ ಬರೆದು ಓದಿ ಹೇಳಿದ. ಕೆಲಸಗಾರ ಸೂಚನೆ ಮೀರಿ ನಡೆದದ್ದರಿಂದ ಸಾವು, ಮನೆಯವರಿಂದ ಯಾವ ತಕರಾರೂ ಇಲ್ಲ. ತಂಗಿ ಪೆನ್ನು ತೆಗೆದುಕೊಂಡಳು. ಫ್ಯಾನಿನ ಗಾಳಿಗೆ ಹಾಳೆ ಏಳುತ್ತಿತ್ತು. "ಅಣ್ಣ, ಸ್ವಲ್ಪ ಹಿಡ್ಕೋ" ಅಂದಳು. ಅವಳು ಸಹಿ ಹಾಕಿ ಮುಗಿಸುವವರೆಗೂ ನಾನು ಹಾಳೆಯನ್ನು ಒತ್ತಿ ಹಿಡಿದುಕೊಂಡಿದ್ದೆ.