ಹಳದಿಯ ಮರೆಯ ಹಸಿರು

ಟೈಲ್ಸ್ ಕಾರ್ಖಾನೆಯಲ್ಲಿ ಅವಳು ಎಲ್ಲರಿಗೂ ತಂತಿಯಕ್ಕ. ಇಪ್ಪತ್ತೆರಡು ವರ್ಷ ಅವಳ ಕೈಬಿಡದೆ ಇದ್ದದ್ದು ಗಾಜಿನ ಹಿಡಿಕೆಯ ಒಂದು ಪ್ಲಾಟಿನಂ ತಂತಿ. ಬಣ್ಣಕ್ಕೆ, ಮೆರುಗಿಗೆ ಯಾವ ಪುಡಿ ಬರಲಿ, ತಂತಿಯ ತುದಿಯನ್ನು ಆಸಿಡ್ಡಿನಲ್ಲಿ ಅದ್ದಿ, ಚೂರು ಅಂಟಿಸಿ ನೀಲಿ ಉರಿಗೆ ಹಿಡಿದರೆ ಸಾಕು, ಒಳಗಿನ ಲೋಹ ತಾನಾಗಿ ಬಾಯಿಬಿಡುತ್ತಿತ್ತು. ತಾಮ್ರವಾದರೆ ಹಸಿರು ಬೆರೆತ ನೀಲಿ, ಲಿಥಿಯಂ ಆದರೆ ಕಡುಗೆಂಪು, ಉಪ್ಪಿನಲ್ಲಿರುವ ಸೋಡಿಯಂ ಆದರೆ ಕಣ್ಣು ಕುಕ್ಕುವ ಹಳದಿ. ಮೇಜಿನ ಮೂಲೆಯಲ್ಲಿ ರೋಹಿತದರ್ಶಕವೂ ಇತ್ತು, ಉರಿಯ ಬೆಳಕನ್ನು ಬಾಚಿ ಎಳೆ ಎಳೆಯಾಗಿ ಬಿಡಿಸಿ ತೋರಿಸುವ ನಳಿಗೆ. ಅದಕ್ಕೆ ಬಟ್ಟೆ ಹೊದಿಸಿ ಇಟ್ಟಿದ್ದಳು. "ನನ್ನ ಕಣ್ಣಿಗೇನಾಗಿದೆ?" ಅನ್ನುವವಳು.

ಆ ವಾರ ಉಗ್ರಾಣದ ಮಾಡು ಸೋರಿತು. ಮಣ್ಣಿಗೆ ಬೆರೆಸುವ ಬಿಳಿ ಪುಡಿಯ ಮೂಟೆಗಳನ್ನು ಉಗ್ರಾಣಿ ಕ್ಯಾಂಟೀನಿನ ಮೈದಾ ಮೂಟೆಗಳ ಪಕ್ಕಕ್ಕೆ ಸಾಗಿಸಿದ. "ಎಲ್ಲ ಬೆಳ್ಳಗೇ ಇದಾವಲ್ಲ, ಜಗಳ ಆಡಲ್ಲ ಬಿಡಿ" ಅಂತ ನಕ್ಕ.

ಎರಡು ದಿನ ಕಳೆದು, ಬೆಳಗಿನ ಮೊದಲ ಬನ್ನು ತಿಂದ ನಾಲ್ವರು ವಾಂತಿ ಮಾಡಿಕೊಂಡರು. ಸಂಜೆಗೆ ಒಬ್ಬನಿಗೆ ಕಾಲೇ ಏಳಲಿಲ್ಲ. ಬನ್ನು ಬೇಯಿಸುವವಳು ತಂತಿಯಕ್ಕನ ಒಡಹುಟ್ಟಿದ ತಂಗಿ. "ಕೈ ತೊಳೆಯೋ ಅಭ್ಯಾಸ ಇದ್ರೆ ತಾನೆ!" ಎಂದು ಮೇಸ್ತ್ರಿ ಎಲ್ಲರೆದುರು ಹಂಗಿಸಿದ.

ಮರುದಿನ ತಂಗಿ, ಉಳಿದಿದ್ದ ಕಲಸಿದ ಹಿಟ್ಟನ್ನು ತಂದು ಅಕ್ಕನ ಮೇಜಿನ ಮೇಲೆ ಕುಕ್ಕಿದಳು.

"ನೀನೇ ನೋಡಿ ಹೇಳಕ್ಕ. ನನ್ನ ಮಾನ ಈಗ ನಿನ್ನ ತಂತಿ ತುದೀಲಿದೆ."

ಅಕ್ಕ ಹಿಟ್ಟನ್ನು ಸುಟ್ಟು ಬೂದಿ ಮಾಡಿ ಉರಿಗೆ ಹಿಡಿದಳು. ಭಗ್ಗನೆ ಹಳದಿ.

"ಉಪ್ಪು ಕಣೇ. ಉಪ್ಪು ಬಿಟ್ರೆ ಏನೂ ಇಲ್ಲ."

"ಹಾಗಾದ್ರೆ ಅದೇ ಮೂಟೆ ಹಿಟ್ಟಲ್ಲಿ ಮಾಡಿ, ಮಧ್ಯಾಹ್ನ ಒಂದು ಗಂಟೆಗೆ ಆ ಮೇಸ್ತ್ರಿ ಮೂತಿ ಮುಂದೆ ಮೊದಲನೇ ಬನ್ನು ನಾನೇ ತಿಂತೀನಿ. ಆಮೇಲೆ ಮಿಕ್ಕವರಿಗೆ."

ತಂಗಿ ಬೀಗುತ್ತ ಹೋದಳು. ಅಕ್ಕನಿಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಹಳದಿ ಸೊರಗುವ ಹೊತ್ತಿಗೆ ಉರಿಯ ಅಂಚಿನಲ್ಲಿ ಎಳೆ ಹಸಿರೊಂದು ಇಣುಕಿತ್ತಲ್ಲ? ಇಣುಕಿತ್ತು. ತಂಗಿ ಗೆಲ್ಲಲಿ ಎಂಬ ಆಸೆಯೇ ಕಣ್ಣಿಗೆ ಅಡ್ಡ ನಿಂತಿತ್ತು.

ಒಂದಕ್ಕೆ ಹತ್ತು ನಿಮಿಷವಿದ್ದಾಗ ನಳಿಗೆಯ ಬಟ್ಟೆ ಎಳೆದು, ಬೂದಿಯನ್ನು ಮತ್ತೆ ಉರಿಗೆ ಹಿಡಿದು, ಕಣ್ಣಿಟ್ಟಳು. ಹಳದಿ ಗೆರೆ ತನ್ನ ಜಾಗದಲ್ಲಿ ತಾನಿತ್ತು. ಅದರಾಚೆ, ಸಾಲಾಗಿ, ಹಸಿರು ಪಟ್ಟೆಗಳು.

ಬೇರಿಯಂ. ಮಣ್ಣಿಗೆ ಬೆರೆಸುವ ಪುಡಿ. ಇಲಿ ಪಾಷಾಣಕ್ಕೂ ಅದೇ.

ಉರಿ ಆರಿಸದೆ ಓಡಿದಳು. ಟೈಲ್ಸ್ ಸುಡುವ ಗೂಡುಗಳನ್ನು ದಾಟಿ, ಒಣಹಾಕಿದ ಹಸಿ ಟೈಲ್ಸ್ ತುಳಿದು ಓಡಿದಳು. ಕ್ಯಾಂಟೀನಿನಲ್ಲಿ ಅರವತ್ತು ಜನ ಸಾಲಾಗಿ ನಿಂತಿದ್ದರು. ಸಾಲಿನ ಮೊದಲಿಗೇ ಮೇಸ್ತ್ರಿ ಪೆಚ್ಚುಮೋರೆ ಹಾಕಿಕೊಂಡು ಬನ್ನಿಗೆ ಕೈ ಚಾಚಿದ್ದ. ತಂತಿಯಕ್ಕ ತಟ್ಟೆಯನ್ನೇ ಎತ್ತಿ ನೆಲಕ್ಕೆ ಅಪ್ಪಳಿಸಿದಳು.

"ಯಾರೂ ಮುಟ್ಟಬೇಡಿ! ವಿಷ! ಡಾಕ್ಟರಿಗೆ ಹೇಳಿ, ಗಾಡಿ ತರಿಸಿ!"

ತಂಗಿ ಇನ್ನೂ ನಗುತ್ತಲೇ ಇದ್ದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು, ಮತ್ತೊಮ್ಮೆ ಒರೆಸಿಕೊಂಡಳು.

"ಗಾಡಿ ಯಾರಿಗಕ್ಕಾ? ನಾನು ಒಂದಲ್ಲ, ಎರಡು ತಿಂದೆ. ಅದೇನೋ... ತುಟಿ ಜುಮ್ಮ್ ಅಂತಿದೆ, ಅಷ್ಟೆ."