ತಟ್ಟೆಗಳ ನಡುವೆ ಮುನಿಶಾಮಮ್ಮ

ನಮ್ಮತ್ತೆ ಮುನಿಶಾಮಮ್ಮನಂಥ ಹಟಮಾರಿ ಮೇಲೂರಲ್ಲೇ ಇನ್ನೊಬ್ಬರಿರ್ಲಿಲ್ಲ. ಮದುವೆಯಾಗಿ ಬಂದಾಗಿನಿಂದ ರೇಷ್ಮೆ ಹುಳ ಸಾಕಿದವರು. ಎಪ್ಪತ್ತು ದಾಟಿದ್ರೂ ಹುಳದ ಮನೇಲಿ ಅವರದೇ ದರ್ಬಾರು. ಸೊಸೆ ನಾನು, ರಾಧಾಮಣಿ, ಬರೀ ಹಿಪ್ಪುನೇರಳೆ ಸೊಪ್ಪು ಹೊರೋಳು. ಬಾಯಿ ನಂದೂ ಜೋರೇ ಬಿಡಿ, ಆದ್ರೆ ಹುಳದ ವಿಷಯಕ್ಕೆ ಅವರ ಮುಂದೆ ಸೊಲ್ಲೆತ್ತುತ್ತಿರಲಿಲ್ಲ.

ಎರಡು ಸಾವಿರದ ಆರನೇ ಇಸವಿ. ವಯಸ್ಸಾದವರು ಬಿದ್ದು ಮೂಳೆ ಮುರ್ಕೊಳ್ತಾರೆ ಅಂತ ನಡಿಗೆ ಪರೀಕ್ಷೆ ಮಾಡೋಕೆ ನರ್ಸಮ್ಮ ಹರಿಣಿ ಮನೆಗೆ ಬಂದ್ರು. "ಕೈಯೂರದೆ ಕುರ್ಚಿಯಿಂದ ಎದ್ದು, ಆ ಗೋಡೆ ತನಕ ನಡೆದು, ತಿರುಗಿ ಬಂದು ಕೂತ್ಕೊಳ್ಳಿ ಅಜ್ಜಿ."

ಅಯ್ಯೋ, ಅತ್ತೆಗೆ ರೇಗಿಹೋಯ್ತು. "ನಾನೇನು ಅಂಬೆಗಾಲಿಡೋ ಮಗೂನಾ? ನನ್ನ ನಡಿಗೆ ನೋಡ್ಬೇಕಾದ್ರೆ ಹುಳದ ಮನೇಲಿ ನೋಡಮ್ಮ!"

ಹುಳಕ್ಕೆ ಸೋಂಕು ತಗಲುತ್ತೆ ಅಂತ ಅಲ್ಲಿಗೆ ಹೊರಗಿನವರನ್ನ ಬಿಡಲ್ಲ. ಹರಿಣಿ ಬಾಗಿಲಾಚೆ ನಿಂತ್ರು. ಹುಳದ ತಟ್ಟೆ ಜೋಡಿಸಿದ್ದ ಬಿದಿರಿನ ಸ್ಟ್ಯಾಂಡುಗಳ ನಡುವೆ ಅತ್ತೆ ಸರಸರನೆ ಹೋದ್ರು, ತಿರುಗಿದ್ರು, ಬಂದ್ರು. ಕೈ ತಟ್ಟೆಯಿಂದ ತಟ್ಟೆಗೆ ಹೋಗ್ತಾನೇ ಇತ್ತು. ಹುಳ ಸಾಕೋರು ಹಾಗೇ ಅಲ್ವಾ, ಸೊಪ್ಪು ಬಾಡಿದೆಯಾ ಅಂತ ಮುಟ್ಟಿ ಮುಟ್ಟಿ ನೋಡ್ತಾರೆ. "ಅಜ್ಜಿ ಗಟ್ಟಿ ಇದ್ದಾರೆ" ಅಂತ ಹರಿಣಿ ನಕ್ಕೊಂಡು ಹೋದ್ರು. ನಂಗೂ ಹೆಮ್ಮೆ ಆಯ್ತು. ಆ ಸ್ಟ್ಯಾಂಡುಗಳನ್ನ ಹಿಡ್ಕೊಂಡೇ ಅವರು ನಡೀತಿದ್ದಾರೆ ಅಂತ ಯಾರ ತಲೆಗೂ ಹೊಳೀಲಿಲ್ಲ.

ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋದ್ಮೇಲೆ ಸ್ಟ್ಯಾಂಡು, ತಟ್ಟೆ ಎಲ್ಲಾ ತೊಳೆಯೋಕೆ ಅಂಗಳಕ್ಕೆ ಹಾಕಿದ್ವಿ. ನೆಲ ಸರಿಯಾಗಿ ತೊಳೆದಿದ್ದೀವಾ ನೋಡ್ತೀನಿ ಅಂತ ಅತ್ತೆ ಆ ಖಾಲಿ ಮನೆಯೊಳಗೆ ಹೋದ್ರು. ಧೊಪ್ಪಂತ ಸದ್ದಾಯ್ತು. ಓಡಿಹೋಗಿ ನೋಡಿದ್ರೆ, ಬಿದ್ದಲ್ಲೇ ಗಾಳೀಲಿ ಕೈ ಆಡಿಸ್ತಾ ತಟ್ಟೆ ಹುಡುಕ್ತಿದ್ರು. ಸೊಂಟದ ಮೂಳೆ ಮುರಿದಿತ್ತು.

ಆಪರೇಷನ್ ಮಾಡಿಸಿದ್ರೂ ಮತ್ತೆ ನಡೆಯೋಕಾಗ್ಲಿಲ್ಲ. ಮುಂದಿನ ಬೆಳೆಗೆ ಹುಳ ತಂದಾಗ, ಅಮ್ಮ ಒಂದ್ಸಲ ನೋಡ್ಲಿ ಅಂತ ನನ್ನ ಗಂಡ ಕನಕರಾಜ್ ಅತ್ತೇನ ಎತ್ಕೊಂಡು ಹೊರಟ್ರು. ಅತ್ತೆ ಹುಳದ ಮನೆ ಬಾಗಿಲ ಚೌಕಟ್ಟು ಹಿಡ್ಕೊಂಡು ಬಿಡ್ಲೇ ಇಲ್ಲ. "ಬೇಡ ಕಣಪ್ಪ, ಇಳಿಸು. ಮೈಯೆಲ್ಲ ನೋವಿನೆಣ್ಣೆ ವಾಸನೆ. ಹುಳ ಸತ್ತೋಗ್ತವೆ."

ಎಷ್ಟು ಗೋಗರೆದ್ರೂ ಕೇಳ್ಲಿಲ್ಲ. ಮಂಚಾನ ದನದ ಕೊಟ್ಟಿಗೆ ಕಡೆ ಹಾಕಿಸ್ಕೊಂಡ್ರು. ಎಣ್ಣೆ ಹಚ್ಚೋಕೆ ಮಗನನ್ನ ಬಿಟ್ರೆ ಯಾರನ್ನೂ ಬಿಡ್ಲಿಲ್ಲ. ಸಾಯೋ ತನಕ ಹಾಗೇ. ಹುಳದ ಕೆಲಸ ಎಲ್ಲಾ ಈಗ ನಂದೇ. ನಾನು ಸೊಪ್ಪು ಹಾಕಿ ಆಚೆ ಬಂದು, ಒಂದು ಲೋಟ ನೀರಾದ್ರೂ ಕೊಡೋಣ ಅಂತ ಹೋದ್ರೆ ಕೈ ಅಡ್ಡ ಹಿಡೀತಿದ್ರು.

"ಹತ್ರ ಬರಬೇಡ ಕಣೇ, ವಾಸನೆ ಅಂಟುತ್ತೆ. ಅಲ್ಲಿಂದ್ಲೇ ಹೇಳು, ಹುಳ ಹೆಂಗವೆ?"